ಕೊಡೇರಿ ಮನೆಯ ಬಾಕ್ಸಿನಲ್ಲಿ ಸದಾ ಐದೂವರೆ

ಟಿವಿಯೊಳಗಿನ ಹೆಂಗಸು 'ಮೂರು' ಎಂದವಳು ನಾಲ್ಕು ಹೇಳಲಿಲ್ಲ. ಬಾಯಿ ಅರ್ಧ ತೆರೆದ ಹಾಗೆಯೇ ನಿಂತುಬಿಟ್ಟಳು. ಅವಳ ಮುಖದ ನಡುವೆ ಸಣ್ಣದೊಂದು ಬಿಳಿ ಚಕ್ರ ತಿರುಗತೊಡಗಿತು. ಈಚೆ, ಚಾಪೆಯ ಮೇಲೆ ಅಂಗಾತ ಮಲಗಿ ಎಡಗಾಲನ್ನು ಎತ್ತಿ ಹಿಡಿದಿದ್ದ ಮನುಷ್ಯ ಅದನ್ನು ಹಾಗೆಯೇ ಹಿಡಿದುಕೊಂಡಿದ್ದ. ಪಾದಕ್ಕೆ ಸಿಕ್ಕಿಸಿದ ಪಟ್ಟಿಯ ಇನ್ನೊಂದು ತುದಿ ಅವನ ತಾಯಿಯ ಕೈಯಲ್ಲಿತ್ತು. ಇಬ್ಬರೂ ಚಕ್ರವನ್ನೇ ನೋಡುತ್ತಿದ್ದರು. ಕಾಲು ನಡುಗಲು ಶುರುವಾಯಿತು.

"ಕೆಳಗ್ ಇಡಾ ಮಗ," ಎಂದರು ತಾಯಿ.

"ಅದ್ ನಾಲ್ಕ್ ಹೇಳ್ಲಿಲ್ಲೆ ಅಬ್ಬಿ."

"ಅದ್ ನಾಲ್ಕ್ ಹೇಳೂಕೆ ನಾಳೆ ಬೆಳಿಗ್ಗೆ ಆತ್ತ್. ನಾನ್ ಹೇಳ್ತೆ. ನಾಲ್ಕ್, ಐದ್, ಆರ್. ಇಡ್ ಕೆಳಗೆ."

ಕೊಡೇರಿಯ ಆ ಮನೆಗೆ ಮೊದಲ ಸಲ ಹೋದಾಗ ನಾನು ಬಾಗಿಲಲ್ಲಿ ನಿಂತು ಕಂಡದ್ದು ಇದು. ಕುಂದಾಪುರದ ಒಂದು ಸಣ್ಣ ಇಂಟರ್ನೆಟ್ ಸೇವೆಯವರಲ್ಲಿ ದೂರು ನೋಡುವುದು ನನ್ನ ಕೆಲಸ. ದಕ್ಷಿಣಕ್ಕೆ ಬ್ರಹ್ಮಾವರ, ಉತ್ತರಕ್ಕೆ ಬೈಂದೂರು, ಒಳಗೆ ಕೊಲ್ಲೂರು. ಇದರ ನಡುವೆ ಎಲ್ಲಿ ನೆಟ್ ನಿಂತರೂ ಬೈಕಿನಲ್ಲಿ ಹೋಗಬೇಕು. ಅದಕ್ಕೂ ಮೊದಲು ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ಅಲ್ಲಿಂದ ತಂದುಕೊಂಡದ್ದು ಒಂದೇ ಅಭ್ಯಾಸ: ಕಂಡದ್ದನ್ನೂ ಕೇಳಿದ್ದನ್ನೂ ಬೆರೆಸಬಾರದು. 'ನೆಟ್ ಇಲ್ಲ' ಎಂಬುದು ಒಬ್ಬರ ಹೇಳಿಕೆ. ಅದು ನಿಜವೋ ಅಲ್ಲವೋ ಎಂದು ಹೋಗಿ ನೋಡುವವರೆಗೆ ಅದು ಹೇಳಿಕೆಯಾಗಿಯೇ ಇರಬೇಕು. ಇಷ್ಟು ತಿಳಿದವನೇ ಆ ಮನೆಗೆ ಅಷ್ಟೊಂದು ಸಲ ಹೋಗಬೇಕಾಯಿತು.

ಚಾಪೆಯ ಮೇಲಿದ್ದವರು ಗಂಗೊಳ್ಳಿಯ ಟ್ರಾಲ್ ಬೋಟೊಂದರ ತಾಂಡೇಲ, ಅಂದರೆ ಬೋಟು ನಡೆಸುವವರು. ನಲವತ್ತು ದಾಟಿದ ಗಟ್ಟಿ ಆಳು. ಬಲೆ ಎಳೆಯುವಾಗ ಹಗ್ಗ ತುಂಡಾಗಿ ಸೊಂಟಕ್ಕೆ ಬಡಿದಿತ್ತು. ಆಪರೇಷನ್ ಆಗಿ ಮನೆಗೆ ಬಂದಿದ್ದರು. ಇನ್ನು ಕಾಲಿಗೆ ಬಲ ಬರುವುದೇನಿದ್ದರೂ ವ್ಯಾಯಾಮದಿಂದ ಎಂದು ಡಾಕ್ಟರು ಹೇಳಿದ್ದರು. ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ಇದ್ದದ್ದು ಬ್ರಹ್ಮಾವರದಲ್ಲಿ. ದಿನಾ ಅಲ್ಲಿಗೆ ಹೋಗಿ ಬಂದರೆ ಹೆದ್ದಾರಿಯ ಕುಲುಕಿಗೇ ಸೊಂಟ ಮತ್ತೆ ಕೆಡುತ್ತಿತ್ತು. ಹಾಗಾಗಿ ಆಕೆ ವ್ಯಾಯಾಮದ ವಿಡಿಯೊಗಳನ್ನು ತನ್ನ ಕ್ಲಿನಿಕ್ಕಿನ ಆ್ಯಪ್‌ಗೆ ಹಾಕುತ್ತಿದ್ದರು. ಈ ಮನೆಯವರು ಟಿವಿಗೆ ಒಂದು ಬಾಕ್ಸ್ ಜೋಡಿಸಿ, ಸಂಜೆ ಐದೂವರೆಯ ಹೊತ್ತಿಗೆ ಅದನ್ನು ನೋಡಿಕೊಂಡು ಮಾಡುತ್ತಿದ್ದರು. ಬೆಳಿಗ್ಗೆ ಆಗುತ್ತಿರಲಿಲ್ಲ. ತಾಯಿ ಮೀನು ಮಾರಲು ಬುಟ್ಟಿ ಹೊತ್ತು ಹೋದರೆ ಬರುವುದು ಮಧ್ಯಾಹ್ನ ಕಳೆದು, ಪಟ್ಟಿ ಹಿಡಿಯಲು ಬೇರೆ ಜನ ಇರಲಿಲ್ಲ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿಯುವ ಹೊತ್ತಿಗೆ ಅವರು ಎದ್ದು ನಿಲ್ಲಬೇಕಿತ್ತು. ಇಲ್ಲದಿದ್ದರೆ ಬೋಟಿಗೆ ಬೇರೆ ತಾಂಡೇಲ ಬರುತ್ತಾನೆ. ಬೋಟಿನ ಮಾಲೀಕರು ಕೆಟ್ಟವರಾಗಿರಲಿಲ್ಲ, ಆದರೆ ಅವರಿಗೂ ಒಂದು ಉತ್ತರ ಬೇಕಿತ್ತು.

ಮೊದಲ ದಿನ ತಪ್ಪು ಸುಲಭವಾಗಿ ಸಿಕ್ಕಿತು, ಅಥವಾ ಸಿಕ್ಕಿತು ಎಂದುಕೊಂಡೆ. ಟಿವಿಯ ಕೆಳಗಿನ ಹಲಗೆಯಲ್ಲಿ ಬಾಕ್ಸ್ ಇರಲಿಲ್ಲ. ದಪ್ಪ ಪ್ಲಾಸ್ಟಿಕ್ಕಿನ ಚೀಲವೊಂದು ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಕುಳಿತಿತ್ತು. ಅದರ ಬಾಯಿಯಿಂದ ವಯರುಗಳು ಹೊರಗೆ ಬಂದಿದ್ದವು. ಕಡಲಿಗೆ ಹೋಗುವಾಗ ಮೊಬೈಲ್ ಒದ್ದೆಯಾಗದಂತೆ ಹಾಕಿಕೊಳ್ಳುವ ಚೀಲ ಅದು.

"ಇದ್ಯಾಕೆ ಅಮ್ಮ?" ಎಂದು ಕೇಳಿದೆ.

"ಉಪ್ಪಿನ್ ಗಾಳಿ ಮಾರಾಯ್ರೆ. ಹಿಂದಿನ್ ಟಿವಿ ಎರಡೇ ಮಳಿಗೆ ತುಕ್ಕ್ ಹಿಡ್ದ್ ಹೋಯ್ತ್. ಇದಾದ್ರೂ ಉಳೀಲಿ ಅಂದೇಳಿ."

ಚೀಲ ಬಿಚ್ಚಿದರೆ ಬಾಕ್ಸ್ ಕೈಯಲ್ಲಿ ಹಿಡಿಯುವ ಹಾಗಿರಲಿಲ್ಲ. ಇಂಥ ಯಂತ್ರ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ನಿಧಾನವಾಗುತ್ತದೆ. ದೊಡ್ಡ ವಿಡಿಯೊ ಆಗ ನಡುವೆ ನಿಲ್ಲುತ್ತದೆ. ಇದನ್ನು ಹೇಳಿದೆ. ತಾಂಡೇಲರು ಮಲಗಿದಲ್ಲಿಂದಲೇ ನಕ್ಕರು.

"ಅಬ್ಬಿ, ಅದ್ಕೆ ಉಸುರ್ ಕಟ್ಟಿತ್ತಂಬ್ರ್."

"ಬಾಯಿಲ್ಲದ್ ವಸ್ತು, ನಂಗೆ ಹ್ಯಾಂಗ್ ಗೊತ್ತಾಪ್ದ್?" ಎಂದರು ತಾಯಿ. ಚೀಲವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಎಸೆಯಲಿಲ್ಲ.

ಬಾಕ್ಸ್ ತಣಿದ ಮೇಲೆ ವಿಡಿಯೊ ಹಾಕಿ ಕೊನೆಯವರೆಗೆ ನೋಡಿದೆ. ಹೆಂಗಸು ನಾಲ್ಕು ಹೇಳಿದಳು, ಐದು ಹೇಳಿದಳು, ಹತ್ತರವರೆಗೂ ಹೇಳಿದಳು. ದೂರು ಮುಗಿಯಿತು ಎಂದು ಕಚೇರಿಗೆ ತಿಳಿಸಿ ಹೊರಟೆ. ಮರವಂತೆ ದಾಟುವಾಗ ಘಟ್ಟದ ಕಡೆ ಗುಡುಗು ಕೇಳಿತು. ಅದನ್ನು ಇಲ್ಲಿ ಬರೆಯುತ್ತಿರುವುದು ಈಗ ಗೊತ್ತಿರುವುದರಿಂದ. ಆವತ್ತು ನನಗೆ ಇದ್ದದ್ದು ನೆನೆಯುವ ಮೊದಲು ಕುಂದಾಪುರ ಸೇರಬೇಕೆಂಬ ಅವಸರ ಮಾತ್ರ.

ಎರಡು ದಿನ ಬಿಟ್ಟು ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಹೆಂಗಸು ಫೋನ್ ಮಾಡಿದರು. "ಹ್ವಾಯ್, ನಿಮ್ಮ ತಾಂಡೇಲ್ರ ಮನಿಯಂಗೆ ಪುನಾ ನೆಟ್ ಇಲ್ಲ್ಯಂಬ್ರ್."

ಹೋದೆ. ಆ ದಿನ ಬೆಳಿಗ್ಗೆ ಕೊಲ್ಲೂರಿನ ಲಾಡ್ಜೊಂದರಲ್ಲಿ ಮಂಗಗಳು ಎಳೆದು ಹಾಕಿದ ವಯರು ಕಟ್ಟಿ ಬಂದವನಿಗೆ ಮತ್ತೆ ಉತ್ತರಕ್ಕೆ ಹೋಗುವ ಮನಸ್ಸೇ ಇರಲಿಲ್ಲ. ಆ ಮನೆಯಲ್ಲಿ ಮೋಡೆಮ್ ಇದ್ದದ್ದು ಹೊರಗಿನ ಜಗಲಿಯ ಗೋಡೆಯಲ್ಲಿ, ಬಾಕ್ಸ್ ಇದ್ದದ್ದು ಒಳಕೋಣೆಯಲ್ಲಿ. ನಡುವೆ ಉದ್ದನೆಯ ವಯರು. ಮೋಡೆಮ್ ಕಡೆಯ ತುದಿಯನ್ನು ಕಿತ್ತು ಬೆಳಕಿಗೆ ಹಿಡಿದರೆ ಒಳಗಿನ ಪಿನ್ನುಗಳೆಲ್ಲ ಹಸಿರಾಗಿದ್ದವು. ಕಡಲ ಬದಿಯ ಮನೆಗಳಲ್ಲಿ ತಾಮ್ರಕ್ಕೆ ಹೀಗಾಗುತ್ತದೆ. ಸಂಪರ್ಕ ಇರುತ್ತದೆ, ಆದರೆ ನೂರರ ವೇಗದಲ್ಲಿ ಹೋಗಬೇಕಾದದ್ದು ಹತ್ತಕ್ಕೆ ಇಳಿದಿರುತ್ತದೆ. ತುದಿ ಕತ್ತರಿಸಿ ಹೊಸ ಪಿನ್ನು ಹೊಡೆದೆ. ಇನ್ನೊಂದು ತುದಿಗೂ ಹೊಡೆದೆ. ವೇಗ ಅಳೆದು ನೋಡಿದೆ, ಸರಿ ಇತ್ತು. ವಿಡಿಯೊ ಒಮ್ಮೆಯೂ ನಿಲ್ಲಲಿಲ್ಲ.

"ಈ ನಡುವೆ ನೀವು ಏನಾದರೂ ಮಾಡಿದ್ರಾ? ವಯರ್ ಎಳೆದದ್ದು, ಬಟನ್ ಒತ್ತಿದ್ದು?" ಎಂದು ಕೇಳಿದೆ. ಎಲ್ಲ ಮನೆಗಳಲ್ಲೂ ಕೇಳುವ ಪ್ರಶ್ನೆ.

"ಎಂತ ಮಾಡ್ಲಿಲ್ಲೆ. ನಾನ್ ಅದ್ರ ಹತ್ರ ಹೋಪ್ದೇ ಇಲ್ಲೆ," ಎಂದರು ತಾಯಿ.

"ಅಬ್ಬಿ ಎಂತ ಮಾಡ್ಲಿಲ್ಲೆ," ಎಂದರು ತಾಂಡೇಲರು. ಇಬ್ಬರ ಮುಖದಲ್ಲೂ ಮುಚ್ಚಿಡುವ ಲಕ್ಷಣ ಇರಲಿಲ್ಲ.

ನಾನು ಹಿಂದಿರುಗಿ ಎರಡು ದಿನವೂ ಆಗಿರಲಿಲ್ಲ, ಮತ್ತೆ ಅದೇ ದೂರು ಬಂತು. ನೆಟ್ ಇಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಮೊದಲ ದಿನದ ತೊಂದರೆ ವಿಡಿಯೊ ನಡುವೆ ನಿಲ್ಲುವುದಾಗಿತ್ತು. ಈಗಿನದು ವಿಡಿಯೊ ತೆರೆಯುವುದೇ ಇಲ್ಲ ಎಂಬುದು. ಎರಡೂ ಬೇರೆ ತೊಂದರೆಗಳು. ಆದರೆ ಮನೆಯವರ ಬಾಯಲ್ಲಿ ಎರಡಕ್ಕೂ ಹೆಸರು 'ನೆಟ್ ಇಲ್ಲೆ'. ಕಚೇರಿಯಲ್ಲೂ ಅದೇ ಹೆಸರು. ನಾನೂ ಅದನ್ನೇ ಹಿಡಿದು ಒಂದೇ ರೋಗಕ್ಕೆ ಮದ್ದು ಹುಡುಕುತ್ತಿದ್ದೆ.

ಮೂರನೆಯ ಸಲ ಹೋದದ್ದು ಬೆಳಿಗ್ಗೆ. ಎಲ್ಲ ಸರಿ ಇತ್ತು. ಹಿಂದಿನ ಸಂಜೆ ತೆರೆಯದೇ ಇದ್ದ ಆ್ಯಪ್ ಆಗ ಒಂದೇ ಒತ್ತಿಗೆ ತೆರೆಯಿತು. ಈ ಕೆಲಸದಲ್ಲಿ ಮನುಷ್ಯನನ್ನು ಅತ್ಯಂತ ದಣಿಸುವುದು ಕೆಟ್ಟ ಯಂತ್ರವಲ್ಲ, ನಾವು ಹೋದಾಗ ಸರಿಯಾಗಿರುವ ಯಂತ್ರ. ಮೋಡೆಮ್ ನೋಡಿದೆ, ಕಂಬದ ಮೇಲಿನ ಪೆಟ್ಟಿಗೆ ತೆರೆದು ನೋಡಿದೆ, ಫೈಬರ್ ತಂತಿಯಲ್ಲಿ ಬರುವ ಬೆಳಕಿನ ಮಟ್ಟ ಅಳೆದೆ. ಏನೂ ಸಿಗಲಿಲ್ಲ. ಬಾಕ್ಸ್ ಮಾತ್ರ ಒಮ್ಮೆ ತಾನಾಗಿಯೇ ನಿಂತು ಮತ್ತೆ ಶುರುವಾಯಿತು. ಚೀಲದೊಳಗಿನ ಬಿಸಿ ಅದಕ್ಕೆ ನಿಜವಾಗಿಯೂ ಪೆಟ್ಟು ಕೊಟ್ಟಿತ್ತು. ನನ್ನ ಮನೆಯಲ್ಲಿ ಅದೇ ಜಾತಿಯ ಬಾಕ್ಸೊಂದು ಸುಮ್ಮನೆ ಬಿದ್ದಿತ್ತು. ಮಾರನೆಯ ದಿನ ಅದನ್ನು ತಂದು ಜೋಡಿಸಿದೆ.

ಆಗ ಜಗಲಿಯಲ್ಲಿ ಅವರ ಬೋಟಿನ ಕಲಾಸಿಯೊಬ್ಬರು ಬಂದು ಕೂತಿದ್ದರು. ಕಲಾಸಿ ಎಂದರೆ ಬೋಟಿನಲ್ಲಿ ಬಲೆ ಹಾಕಿ ಎಳೆಯುವ ಆಳು. ಒಳಗೆ ಮಲಗಿದ್ದ ತಾಂಡೇಲರಿಗೆ ಕೇಳುವ ಹಾಗೆ ಜಗಲಿಯಿಂದಲೇ ಮಾತಾಡುತ್ತಿದ್ದರು.

"ಬೇರೆ ಬೋಟಿನವ್ರ್ ಕರೀತಾ ಇದ್ರ್ ತಾಂಡೇಲ್ರೆ. ನೀವ್ ಬತ್ರಿ ಅಂದ್ರೆ ನಾವ್ ಯಾರೂ ಹೋಪ್ದಿಲ್ಲೆ. ಬತ್ರ್ಯಾ ಹೇಳಿ."

"ಈ ನೆಟ್ಟಿನವ್ರ್ ಹತ್ರ ಕೇಳ್," ಎಂಬ ಮಾತು ಒಳಗಿನಿಂದ ಬಂತು. ತಮಾಷೆಯಾಗಿಯೇ ಹೇಳಿದ್ದು. ಕಲಾಸಿ ನನ್ನ ಕಡೆ ನೋಡಿ ನಕ್ಕರು. ನನಗೆ ನಗು ಬರಲಿಲ್ಲ.

ಹೊಸ ಬಾಕ್ಸ್ ಎರಡು ಸಂಜೆ ನಡೆಯಿತು. ಮೂರನೆಯ ಸಂಜೆ ತೆರೆಯಲಿಲ್ಲ.

ಆ ವಾರ ಬ್ರಹ್ಮಾವರದಲ್ಲಿ ಬೇರೊಂದು ದೂರು ಇತ್ತು. ಅದನ್ನು ಮುಗಿಸಿ ಫಿಸಿಯೋಥೆರಪಿಸ್ಟರ ಕ್ಲಿನಿಕ್ಕಿಗೆ ಹೋದೆ. ತೊಂದರೆ ಅವರ ಕಡೆಯಿಂದಲೂ ಇರಬಹುದು, ಒಂದು ಕಡೆಯವರನ್ನು ಮಾತ್ರ ಕೇಳಿ ತೀರ್ಮಾನಿಸಬಾರದು. ಆಕೆ ಚಿಕ್ಕ ವಯಸ್ಸಿನವರು, ನೇರ ಮಾತಿನವರು. ಒಬ್ಬರು ಅಜ್ಜನ ಮೊಣಕಾಲು ಮಡಚಿ ಬಿಡಿಸುತ್ತಲೇ ನನ್ನೊಡನೆ ಮಾತಾಡಿದರು.

"ಬೇರೆ ಯಾರಿಗೂ ತೊಂದರೆ ಇಲ್ಲ ಸರ್. ಅದೇ ವಿಡಿಯೊವನ್ನು ಬಾರ್ಕೂರಿನವರು ನೋಡ್ತಾರೆ, ಕೋಟದವರು ನೋಡ್ತಾರೆ. ಇವರದ್ದು ಮಾತ್ರ ಒಂದು ದಿನ ಇದ್ದರೆ ಎರಡು ದಿನ ಇಲ್ಲ. ಯಾರು ನೋಡಿದ್ದಾರೆ, ಯಾರು ನೋಡಿಲ್ಲ ಅಂತ ನನಗೆ ಇಲ್ಲಿ ಗೊತ್ತಾಗ್ತದೆ."

"ನೆಟ್ ಇಲ್ಲ ಅಂತ ಅವರು ಹೇಳ್ತಾರೆ," ಎಂದೆ.

"ನೋಯುವ ದಿನ ಎಲ್ಲರ ಮನೆಯಲ್ಲೂ ನೆಟ್ ಇರುವುದಿಲ್ಲ." ಆಕೆ ಅಜ್ಜನ ಕಾಲನ್ನು ಮೆಲ್ಲಗೆ ಕೆಳಗಿಟ್ಟರು. "ತಪ್ಪು ತಿಳಿಯಬೇಡಿ. ಹೀಗೇ ಬಿಟ್ಟು ಬಿಟ್ಟು ಮಾಡಿದರೆ ಆ ಕಾಲಿಗೆ ಬಲ ಬರುವುದಿಲ್ಲ. ಮುಂದಿನ ಸಲ ಡಾಕ್ಟರಿಗೆ ತೋರಿಸುವಾಗ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಾಗ್ತದೆ. ಪೇಷಂಟ್ ವ್ಯಾಯಾಮ ಮಾಡ್ತಾ ಇಲ್ಲ ಅಂತ."

ವಿಡಿಯೊಗಳನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟರೆ ಹೇಗೆ ಎಂದು ಕೇಳಿದೆ. ವಾರಕ್ಕೊಮ್ಮೆ ವ್ಯಾಯಾಮ ಬದಲಾಗುತ್ತದೆ, ಅಲ್ಲದೆ ಮಾಡಿದ್ದಾರೋ ಇಲ್ಲವೋ ತನಗೆ ಕಾಣಬೇಕು ಎಂದರು. ನ್ಯಾಯವೇ. ಹೇಳಿಕೆಯನ್ನು ಸುಮ್ಮನೆ ನಂಬುವವರಲ್ಲ ಅವರು, ನಾನೂ ಅಲ್ಲ. ಆದರೆ ಎತ್ತಿದ ಕಾಲನ್ನು ಇಳಿಸದೆ ನಾಲ್ಕಕ್ಕಾಗಿ ಕಾದವನನ್ನು ನಾನು ನೋಡಿದ್ದೆ. ಅವರು ನೋಡಿರಲಿಲ್ಲ.

ಕುಂಭಾಶಿಯ ಹತ್ತಿರ ಚಾ ಕುಡಿಯಲು ನಿಂತಾಗ ಕಚೇರಿಯಿಂದ ಫೋನ್ ಬಂತು.

"ಆ ಕೊಡೇರಿ ದೂರು ಕ್ಲೋಸ್ ಮಾಡಿ ಮಾರಾಯ್ರೆ. ನಮ್ಮ ಲೈನ್ ಸರಿ ಇತ್ತ್. ಬಾಕ್ಸ್ ನಮ್ದಲ್ಲ."

"ಬಾಕ್ಸ್ ಈಗ ನನ್ನದು," ಎಂದೆ.

"ಎಂತ, ಆ ಮನಿಯಂಗೆ ಮೀನ್ ಸಾರ್ ಅಷ್ಟ್ ಲಾಯ್ಕಿತ್ತಾ?"

ನಿಯಮದ ಪ್ರಕಾರ ಅವರು ಹೇಳಿದ್ದು ಸರಿ. ಮೋಡೆಮ್‌ವರೆಗೆ ನಮ್ಮ ಜವಾಬ್ದಾರಿ, ಅದರಾಚೆಗೆ ಮನೆಯವರದು. ಚಾ ತಣ್ಣಗಾಗುವವರೆಗೆ ಯೋಚಿಸಿದೆ. ಇಷ್ಟು ಸಲ ಹೋಗಿ ನಾನು ಮಾಡಿದ್ದೇನು ಎಂದು ನೋಡಿದರೆ, ಪ್ರತಿ ಸಲವೂ ಏನಾದರೊಂದನ್ನು ಸರಿ ಮಾಡಿದ್ದೆ. ಒಮ್ಮೆಯೂ ಸುಮ್ಮನೆ ಕೂತು ನೋಡಿರಲಿಲ್ಲ. ಘಟನೆ ನಡೆಯುವುದು ಸಂಜೆ. ಮೊದಲ ದಿನ ಬಿಟ್ಟರೆ ನಾನು ಹೋಗುತ್ತಿದ್ದದ್ದು ಮರುದಿನ. ನಡೆದ ಮೇಲೆ ಹೋಗಿ ನಾಲ್ಕು ಜನರನ್ನು ಕೇಳಿ ವರದಿ ಬರೆಯುವವನ ಹಾಗೆ. ಡೆಸ್ಕಿನಲ್ಲಿದ್ದಾಗ ಅಂಥ ವರದಿಗಳನ್ನು ನಾನೇ ವಾಪಸು ಕಳಿಸುತ್ತಿದ್ದೆ.

ದೂರು ಮುಚ್ಚಬೇಡಿ, ನಾಳೆ ಸಂಜೆ ಹೋಗುತ್ತೇನೆ ಎಂದು ಹೇಳಿದೆ. ಹೋಗುವಾಗ ನನ್ನ ಸಾಮಾನಿನ ಚೀಲವನ್ನು ಬೈಕಿನಲ್ಲೇ ಬಿಟ್ಟು ಬರಿಗೈಯಲ್ಲಿ ಒಳಗೆ ಹೋದೆ.

"ಇವತ್ತು ನಾನು ಏನೂ ಮುಟ್ಟುವುದಿಲ್ಲ. ಸುಮ್ಮನೆ ಕೂತಿರ್ತೇನೆ. ನೀವು ದಿನಾ ಮಾಡುವ ಹಾಗೆ ಮಾಡಿ," ಎಂದೆ.

"ಮುಟ್ಟದಿದ್ರೆ ಬಂದದ್ದ್ ಎಂತಕ್ಕೆ?" ಎಂದರು ತಾಯಿ.

"ಇವತ್ತ್ ನೆಂಟ್ರಾಯಿ ಬಂದಿರ್ ಅಬ್ಬಿ. ಚಾ ಕೊಡ್," ಎಂದರು ತಾಂಡೇಲರು. ಮುಖದಲ್ಲಿ ಮೊದಲಿನ ಹುರುಪು ಇರಲಿಲ್ಲ. ಫಿಸಿಯೋಥೆರಪಿಸ್ಟ್ ಫೋನ್ ಮಾಡಿ ಕೇಳಿದ್ದರಂತೆ. "ನಾನ್ ಸುಳ್ಳ್ ಹೇಳ್ತಾ ಇದ್ದೆ ಅಂದೇಳಿ ಆಯ್ತ್ ಅವ್ರಿಗೆ. ಕಾಲ್ ಹೋದ್ರೆ ಹೋಯ್ಲಿ, ಈ ಮಾತ್ ಬೇಡಾಯ್ತ್."

ಐದು ಗಂಟೆ ದಾಟುತ್ತಲೇ ಮೂಡು ದಿಕ್ಕು ಕಪ್ಪಾಯಿತು. ದೂರದಲ್ಲೊಂದು ಗುಡುಗು ಉರುಳಿತು. ತಾಯಿ ಅಕ್ಕಿ ಆರಿಸುತ್ತಿದ್ದವರು ಗೆರಸೆ ಕೆಳಗಿಟ್ಟು ಎದ್ದರು. ಟಿವಿಯ ಪ್ಲಗ್ ಕಿತ್ತರು, ಬಾಕ್ಸಿನದು ಕಿತ್ತರು, ಫ್ರಿಜ್ಜಿನದು ಕಿತ್ತರು. ಜಗಲಿಗೆ ಹೋಗಿ ಮೋಡೆಮಿನದನ್ನೂ ಕಿತ್ತು, ಅದರ ಪಿನ್ನು ಗೋಡೆಗೆ ತಾಗದಂತೆ ವಯರನ್ನು ಸುತ್ತಿ ಕಿಟಕಿಯ ಸರಳಿಗೆ ನೇತುಹಾಕಿದರು. ಒಳಗೆ ಬಂದು ಮತ್ತೆ ಅಕ್ಕಿ ಆರಿಸತೊಡಗಿದರು. ಹೊರಗೆ ಒಣಗಿದ ಬಟ್ಟೆಯನ್ನು ಒಳಗೆ ತರುವಷ್ಟೇ ಸಹಜವಾಗಿ ಎಲ್ಲ ನಡೆಯಿತು.

ನಾನು ಕೇಳಿದೆ. "ಯಾವಾಗಲೂ ಹೀಗೆ ತೆಗೀತೀರಾ ಅಮ್ಮ?"

"ಗುಡುಗ್ರೆ ತೆಗೀದೆ ಇಪ್ದಾ?"

"ಏನಾದರೂ ಮಾಡಿದ್ರಾ ಅಂತ ನಾನು ಅಷ್ಟು ಸಲ ಕೇಳಿದೆ."

"ಇದ್ ಎಂತ ಮಾಡಿದ್ದ್?" ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಇದ್ ಮಾಡಿದ್ದಲ್ಲ. ಸಿಡ್ಲಿಗೆ ತೆಗ್ದದ್ದ್."

ತಾಂಡೇಲರು ಮೇಲಿನ ಮಾಡನ್ನು ನೋಡುತ್ತ ಹೇಳಿದರು. "ಅಪ್ಪಯ್ಯ ಹೋದ್ದ್ ಸಿಡ್ಲ್ ಬಡ್ದ್. ದೋಣಿಯಂಗೆ."

ಗುಡುಗುವಾಗ ಪ್ಲಗ್ ಕೀಳಬೇಡಿ ಎಂದು ಆ ಮನೆಯಲ್ಲಿ ಹೇಳುವುದು ಸಾಧ್ಯವಿಲ್ಲ ಎಂಬುದು ಆ ಕ್ಷಣಕ್ಕೆ ನಿಶ್ಚಯವಾಯಿತು. ಬ್ಯಾಟರಿಯ ಪೆಟ್ಟಿಗೆ ಇಟ್ಟರೂ ಅವರು ಅದರ ವಯರನ್ನೂ ತೆಗೆಯುತ್ತಾರೆ, ತೆಗೆಯುವುದು ಸರಿಯೂ ಹೌದು. ಪರಿಹಾರ ಏನಿದ್ದರೂ ಈ ಪದ್ಧತಿಯನ್ನು ಬಿಟ್ಟಲ್ಲ, ಇದನ್ನು ಇಟ್ಟುಕೊಂಡೇ ಹುಡುಕಬೇಕಿತ್ತು.

ಆ ದಿನ ಗುಡುಗು ಬೇಗ ಬಿಡಲಿಲ್ಲ. ಮಳೆ ಹೊಡೆದು, ನಿಂತು, ಮತ್ತೆ ಹೊಡೆಯಿತು. ಕೊನೆಗೆ ಶಬ್ದ ಕಡಲ ಕಡೆಗೆ ದಾಟಿದಾಗ ಹೊರಗೆ ಕತ್ತಲಾಗುತ್ತ ಬಂದಿತ್ತು. ತಾಯಿ ಎದ್ದರು. ಮೊದಲು ಫ್ರಿಜ್, ಒಳಗೆ ಮೀನಿತ್ತು. ಆಮೇಲೆ ಮಗನ ಕೋಣೆಯಲ್ಲಿ ಟಿವಿ ಮತ್ತು ಬಾಕ್ಸ್, ಮಗ ಪಟ್ಟಿ ಕಟ್ಟಿಕೊಂಡು ಕಾಯುತ್ತಿದ್ದರು. ಆಮೇಲೆ ಕೈಕಾಲು ತೊಳೆದು ದೇವರ ಮುಂದೆ ದೀಪ ಹಚ್ಚಿದರು. ಇನ್ನೊಂದು ಹಣತೆ ಹಿಡಿದು ಅಂಗಳಕ್ಕಿಳಿದು ತುಳಸಿಕಟ್ಟೆಗೆ ಇಟ್ಟು ಬಂದರು. ಬರುವ ದಾರಿಯಲ್ಲಿ, ಜಗಲಿಯಲ್ಲಿ, ಮೋಡೆಮಿನ ಪ್ಲಗ್ ಹಾಕಿದರು.

ನಾನು ಟಿವಿಯ ಮುಂದೆ ಕೂತಿದ್ದೆ. ಬಾಕ್ಸ್ ಯಾವಾಗಲೋ ಶುರುವಾಗಿ ತನ್ನ ಮೊದಲ ಪುಟ ತೋರಿಸುತ್ತಿತ್ತು. ಮೋಡೆಮ್ ಎದ್ದ ಮೇಲೂ ತಾಂಡೇಲರು ಒತ್ತಿದ ಆ್ಯಪ್ ತೆರೆಯಲಿಲ್ಲ. ಮೇಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸಮಯ ಇತ್ತು. ಐದೂವರೆ ಕಳೆದು ಕೆಲವು ನಿಮಿಷ. ಆ ಮೂಲೆಯನ್ನು ನಾನು ಹಿಂದೆಯೂ ನೋಡಿದ್ದೆ. ಅವರ ವ್ಯಾಯಾಮದ ಹೊತ್ತೂ ಅದೇ ಆದ್ದರಿಂದ ಯಾರಿಗೂ ಅದು ವಿಚಿತ್ರ ಅನಿಸಿರಲಿಲ್ಲ. ಈಗ ಹೊರಗೆ ತುಳಸಿಯ ಮುಂದೆ ದೀಪ ಉರಿಯುತ್ತಿತ್ತು. ನನ್ನ ಕೈಗಡಿಯಾರದಲ್ಲಿ ಏಳು ಹತ್ತಿರವಾಗಿತ್ತು.

"ಈ ಬಾಕ್ಸಿನ ಗಂಟೆ ಸರಿ ಇರ್ತದಾ?" ಎಂದು ಕೇಳಿದೆ.

"ಅದ್ ಹಾಕ್ದಾಗೆಲ್ಲ ಐದೂವರೇ ತೋರ್ಸ್ತ್," ಎಂದರು ತಾಂಡೇಲರು. "ನಾವ್ ಹಾಕೂದೂ ಆಗ್ಳೇ ಅಲ್ದಾ."

ಸೆಟ್ಟಿಂಗ್ ತೆರೆದು ತಾರೀಕು ನೋಡಿದೆ. ಸಾವಿರದ ಒಂಬೈನೂರ ಎಪ್ಪತ್ತು, ಜನವರಿ ಒಂದು. ಅದು ಸಂಜೆಯ ಐದೂವರೆಯೂ ಆಗಿರಲಿಲ್ಲ, ಬೆಳಗಿನದು.

ಈ ಜಾತಿಯ ಅಗ್ಗದ ಬಾಕ್ಸುಗಳಲ್ಲಿ ಸಮಯವನ್ನು ನೆನಪಿಟ್ಟುಕೊಳ್ಳುವ ಬ್ಯಾಟರಿ ಇರುವುದಿಲ್ಲ. ವಿದ್ಯುತ್ ಹೋದರೆ ಎಲ್ಲ ಮರೆಯುತ್ತವೆ. ಶುರುವಾಗುವಾಗ ನೆಟ್ಟಿನಿಂದ ಸಮಯ ಕೇಳಿ ತಿಳಿದುಕೊಳ್ಳುತ್ತವೆ. ಆಗ ನೆಟ್ ಸಿಗದಿದ್ದರೆ ಯಂತ್ರಗಳು ಕಾಲ ಎಣಿಸಲು ತೊಡಗುವ ಆ ಮೊದಲ ದಿನದಿಂದ ಮತ್ತೆ ಎಣಿಸುತ್ತವೆ. ನಮ್ಮ ದೇಶದ ಗಡಿಯಾರದಲ್ಲಿ ಅದು ಆ ದಿನದ ಬೆಳಗಿನ ಐದೂವರೆ. ಒಮ್ಮೆ ಕೇಳಿ ಉತ್ತರ ಸಿಗದಿದ್ದರೆ ಈ ಬಾಕ್ಸ್ ಮತ್ತೆ ಕೇಳುವುದು ಬಹಳ ಹೊತ್ತಿನ ಮೇಲೆ. ತಾಯಿ ದೀಪ ಹಚ್ಚಿ ಬಂದು ಮೋಡೆಮ್ ಹಾಕುವಷ್ಟರಲ್ಲಿ ಬಾಕ್ಸ್ ಕೇಳಿ ಮುಗಿಸಿರುತ್ತಿತ್ತು. ಆಮೇಲೆ ನೆಟ್ ಬಂದರೂ ಅದು ಎಪ್ಪತ್ತನೇ ಇಸವಿಯಲ್ಲೇ ಕೂತಿರುತ್ತಿತ್ತು. ಆ್ಯಪ್ ತೆರೆಯುವಾಗ ಕ್ಲಿನಿಕ್ಕಿನ ಕಡೆಯಿಂದ ಒಂದು ಗುರುತಿನ ಪತ್ರ ಬರುತ್ತದೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಬಾಕ್ಸಿನ ಲೆಕ್ಕದಲ್ಲಿ ಆ ದಿನ ಬರಲು ಇನ್ನೂ ಐವತ್ತು ವರ್ಷಕ್ಕೂ ಹೆಚ್ಚು ಬಾಕಿ. ಆದ್ದರಿಂದ ಬಾಗಿಲು ತೆಗೆಯುವುದಿಲ್ಲ. ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅದು ಯಾವಾಗಲೋ ಸಮಯ ತಿಳಿದುಕೊಂಡು ಏನೂ ಆಗದ ಹಾಗೆ ಕೂತಿರುತ್ತಿತ್ತು. ಗುಡುಗದ ದಿನ ಎಲ್ಲ ಸರಿ. ಗುಡುಗಿದ ದಿನ ಇಲ್ಲ.

ಇದನ್ನು ಇಷ್ಟು ಉದ್ದ ಹೇಳಲಿಲ್ಲ. ಬಾಕ್ಸಿಗೆ ಇವತ್ತು ಯಾವ ದಿನ ಎಂದು ಗೊತ್ತಿಲ್ಲ, ಅದಕ್ಕೆ ಹೇಳುವುದು ಮೋಡೆಮ್, ಮೋಡೆಮ್ ಎದ್ದ ಮೇಲೆ ಬಾಕ್ಸ್ ಹಾಕಬೇಕು ಎಂದಷ್ಟೇ ಹೇಳಿದೆ. ತಾಂಡೇಲರಿಗೆ ತಕ್ಷಣ ಹಿಡಿಯಿತು. ಮೊಣಕೈಯೂರಿ ಅರ್ಧ ಎದ್ದರು.

"ಬೋಟಿನಂಗೂ ಹಾಂಗೇ ಅಲ್ದಾ. ಜಿಪಿಎಸ್ ಹಾಕಿ ಅದ್ ಸ್ಯಾಟಲೈಟ್ ಹಿಡಿಯೂತನ್ಕ ಕಾಯ್ಕ್. ಎಲ್ಲಿದ್ದೆ ಅಂದೇಳಿ ಗೊತ್ತಿಲ್ದೆ ಹೊರ್ಟ್ರೆ ಎಲ್ಲಿಗ್ ಹೋಪ್ದ್? ಅಬ್ಬಿ, ಮೋಡೆಮ್ ಹಾಕಿ ದೀಪ ಬಪ್ಪತನ್ಕ ಅಲ್ಲೇ ನಿಲ್ಲ್."

"ನಂಗೆ ಬೋಟ್ ಹೇಳ್ಕೊಡ್ಬೇಡ. ಮುಸ್ಸಂಜಿ ಹೊತ್ತಿಗೆ ಗ್ವಾಡಿ ಕಾಣ್ತಾ ನಿಂತ್ರೆ ದೇವ್ರಿಗ್ ದೀಪ ಇಡೂದ್ ಯಾರ್?"

ಆಗ ನನಗೆ ಹೊಳೆಯಿತು, ಬೇರೆ ಯಾವ ಸಾಮಾನೂ ಬೇಕಿಲ್ಲ ಎಂದು. ಮೋಡೆಮ್ ಏಳಲು ಬೇಕಾಗುವುದು ಕೆಲವು ನಿಮಿಷ. ಕೈಕಾಲು ತೊಳೆದು, ದೇವರಿಗೆ ದೀಪ ಹಚ್ಚಿ, ತುಳಸಿಗೆ ಇಟ್ಟು ಬರಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದನ್ನು ನಾನು ಈಗಷ್ಟೇ ನೋಡಿದ್ದೆ.

"ನಿಲ್ಲುವುದು ಬೇಡ ಅಮ್ಮ," ಎಂದೆ. "ಮೊದಲು ಜಗಲಿಯ ಮೋಡೆಮ್ ಹಾಕಿ. ಆಮೇಲೆ ನಿಮ್ಮ ದೀಪ, ತುಳಸಿ. ಅದೆಲ್ಲ ಆದ ಮೇಲೆ ಬಂದು ಬಾಕ್ಸ್ ಹಾಕಿ. ಈಗ ಮಾಡುವುದನ್ನೇ ತಿರುಗಿಸಿ ಮಾಡಿ, ಅಷ್ಟೇ."

ಅವರು ಮನಸ್ಸಿನಲ್ಲೇ ಮನೆಯೊಳಗೆ ಒಂದು ಸುತ್ತು ನಡೆದು ಬಂದರು ಎಂದು ಕಾಣುತ್ತದೆ. "ಜಗಲಿಗೆ ಎರಡ್ ಸರ್ತಿ ಹೋಯ್ಕ್," ಎಂದರು. ಆಮೇಲೆ, "ಆತ್ತ್. ಅಷ್ಟೇ ಅಲ್ದಾ."

ಆ ಸಂಜೆಯೇ ಬಾಕ್ಸ್ ತೆಗೆದು, ಹೊರಗೆ ಮೋಡೆಮಿನ ಹಸಿರು ಬೆಳಕು ನೋಡಿಕೊಂಡು ಮತ್ತೆ ಹಾಕಿಸಿದೆ. ಮೂಲೆಯ ಸಮಯ ಒಂದು ಕ್ಷಣ ಐದೂವರೆ ತೋರಿಸಿ ಏಳಕ್ಕೆ ಹಾರಿತು. ಆ್ಯಪ್ ತೆರೆಯಿತು. ಹೊರಡುವಾಗ ಒಳಗಿನಿಂದ ಎಣಿಕೆ ಕೇಳುತ್ತಿತ್ತು. ಹೆಂಗಸಿನ ಜೊತೆ ತಾಂಡೇಲರೂ ಎಣಿಸುತ್ತಿದ್ದರು, ಸ್ವಲ್ಪ ಗಟ್ಟಿಯಾಗಿಯೇ.

ಮರುದಿನ ಫಿಸಿಯೋಥೆರಪಿಸ್ಟರಿಗೆ ಫೋನ್ ಮಾಡಿ ನಡೆದದ್ದನ್ನು ಕ್ರಮವಾಗಿ ಹೇಳಿದೆ. ಕೊನೆಗೆ, "ಹಾಗಾದರೆ ಆ ದಿನಗಳಲ್ಲಿ ನೆಟ್ ಇರಲಿಲ್ಲವಾ?" ಎಂದು ಕೇಳಿದರು.

"ನೆಟ್ ಇತ್ತು. ಅವರು ಹೇಳಿದ್ದೂ ಸುಳ್ಳಲ್ಲ."

"ನಾನೇ ಅವರಿಗೆ ಫೋನ್ ಮಾಡ್ತೇನೆ," ಎಂದರು. ಮಾಡಿದರು ಎಂದು ಆಮೇಲೆ ತಿಳಿಯಿತು.

ಮಳೆ ಹಿಡಿಯಿತು. ಮರ ಬಿದ್ದು ಲೈನ್ ತುಂಡಾಗುವ ದಿನಗಳು. ನಾನು ರೇನ್‌ಕೋಟಿನಲ್ಲೇ ಬದುಕಿದೆ. ಕೊಡೇರಿಯಿಂದ ದೂರು ಬರಲಿಲ್ಲ. ಅಲ್ಲಿ ಏನಾಯಿತೆಂದು ಹೋಗಿ ಕೇಳುವಷ್ಟು ಬಿಡುವೂ ಇರಲಿಲ್ಲ, ನಿಜ ಹೇಳಬೇಕೆಂದರೆ ಧೈರ್ಯವೂ ಇರಲಿಲ್ಲ. ಕಾಲು ಬರುವುದು ಬಾಕ್ಸಿನ ಕೈಯಲ್ಲಿ ಮಾತ್ರ ಇರುವ ವಿಷಯವಲ್ಲ. ಅವರು ಆಗಲೇ ಹಲವು ಸಂಜೆಗಳನ್ನು ಕಳೆದುಕೊಂಡಿದ್ದರು.

ನಿಷೇಧ ಮುಗಿದ ವಾರದಲ್ಲಿ ಒಂದು ಬೆಳಿಗ್ಗೆ ಕಚೇರಿಯಿಂದ ಫೋನ್ ಬಂತು. "ನಿಮ್ಮ ಮೀನ್ ಸಾರಿನ ಮನಿ. ಬಾಕ್ಸ್ ಬಂದ್ ಆಯಿತ್ತಂಬ್ರ್. ಬಪ್ಪುಕೆ ಹೇಳಿದ್ರ್."

ಬೈಂದೂರಿಗೆ ಹೋಗುವುದಿತ್ತು, ದಾರಿಯಲ್ಲಿ ಹೊಕ್ಕೆ. ದಾರಿಯುದ್ದಕ್ಕೂ ಯಾವುದು ಕೆಟ್ಟಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಜಗಲಿಯಲ್ಲಿ ತಾಯಿ ಒಬ್ಬರೇ ಕೂತಿದ್ದರು. ಗುಡುಗು ಇರಲಿಲ್ಲ, ಸಣ್ಣ ಮಳೆ ಮಾತ್ರ. ಒಳಕೋಣೆಯಲ್ಲಿ ಚಾಪೆ ಸುತ್ತಿ ಗೋಡೆಗೆ ಒರಗಿಸಿತ್ತು. ಟಿವಿಯ ಕೆಳಗಿನ ಹಲಗೆ ಖಾಲಿ.

"ಬಾಕ್ಸ್ ಎಲ್ಲಿ ಅಮ್ಮ? ಏನಾಯಿತು?"

ಅವರು ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಎತ್ತಿ ಕೊಟ್ಟರು. ಅದೇ ಚೀಲ, ರಬ್ಬರ್ ಬ್ಯಾಂಡ್ ಎರಡು ಸುತ್ತು. ಒಳಗೆ ನನ್ನ ಬಾಕ್ಸ್, ಸುತ್ತಿಟ್ಟ ವಯರು, ರಿಮೋಟ್.

"ಕೆಡ್ಲಿಲ್ಲೆ. ಕಾಂಬವ್ರ್ ಇಲ್ಲೆ," ಎಂದರು.

ನಾನು ಸುತ್ತಿಟ್ಟ ಚಾಪೆಯ ಕಡೆ ನೋಡಿದೆ.

"ಬೆಳ್ಗಾತ ನಾಲ್ಕಕ್ಕೇ ಹೋಯ್ದ. ಸೊಂಟಕ್ಕೆ ಬೆಲ್ಟ್ ಕಟ್ಕಂಡ್ ಚುಕ್ಕಾಣಿ ಮಾತ್ರ ಹಿಡಿಯೂದ್, ಬಲಿ ಮುಟ್ಟುಕಾಗ, ಸಂಜಿಗೆ ವಾಪಸ್ ಬರ್ಕ್ ಅಂದೇಳಿ ಆ ಬ್ರಹ್ಮಾವರದ ಹೆಣ್ಣ್ ಹೇಳಿತ್ತ್. ಕಲಾಸಿಯವ್ರ್ ಹೊತ್ಕಂಡ್ ಹೋಪುಕ್ ಬಂದಿದ್ರ್. ಇಂವ ಬೇಡ ಅಂದ. ಕೋಲ್ ಹಿಡ್ಕಂಡ್ ನಡ್ದ." ಅವರು ಕಡಲ ಕಡೆ ನೋಡಲಿಲ್ಲ, ಅಂಗಳದ ತುಳಸಿಯ ಕಡೆ ನೋಡುತ್ತಿದ್ದರು. "ನಿಮ್ಗ್ ಕೊಡುಕೆ ಇವತ್ತ್ ಮೀನಿಲ್ಲೆ. ಅಂವ ಬರ್ಕ್."

ಒದ್ದೆಯಾಗದಂತೆ ಚೀಲದಲ್ಲಿ ಹಾಕಿದ್ದು ಒಳ್ಳೆಯದಾಯಿತು ಎಂದೆ. ಮಳೆಯಲ್ಲಿ ಬೈಕಿನಲ್ಲಿ ಒಯ್ಯುವುದಲ್ಲವೇ. ಅವರಿಗೆ ಸಮಾಧಾನವಾಯಿತು.

ಬೈಂದೂರಿನ ಕೆಲಸ ಮುಗಿಸಿ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಬಾಕ್ಸನ್ನು ಚೀಲದಿಂದ ತೆಗೆದು ಟಿವಿಗೆ ಜೋಡಿಸಿದೆ. ನನ್ನ ಮನೆಯ ಮೋಡೆಮ್ ಆರಿಸಿಟ್ಟಿದ್ದೆ. ಅದನ್ನು ಹಾಕಿದ್ದು ಬಾಕ್ಸ್ ಹಾಕಿದ ಮೇಲೆ. ದಣಿದವನಿಗೆ ಕ್ರಮ ತಪ್ಪಿತ್ತು. ಪರದೆಯ ಮೂಲೆಯಲ್ಲಿ ಐದೂವರೆ ಮೂಡಿತು. ಹೊತ್ತಾದ ಮೇಲೆ ತಾನೇ ಸಮಯ ತಿಳಿದುಕೊಳ್ಳಲಿ ಎಂದು ಬಿಟ್ಟು ಊಟಕ್ಕೆ ಕೂತೆ. ಅಷ್ಟರಲ್ಲಿ ಬೋಟುಗಳು ಎಷ್ಟು ದೂರ ಹೋಗಿರಬಹುದು, ಸಂಜೆಗೆ ಯಾವ ಹೊತ್ತಿಗೆ ಹೊಳೆ ಕಡಲು ಸೇರುವ ಅಳಿವೆಯೊಳಗೆ ಬರಬಹುದು ಎಂದು ಅಂದಾಜು ಮಾಡುತ್ತಿದ್ದೆ.